ನಮ್ ಹೈದ ಬಂದಿದ್ದನಾ?

ತಾಲ್ಲೂಕು ಕೋರ್ಟಿನ ಅಟೆಂಡರ್ ಬಾಗಿಲಿಗೆ ಬಂದು ಹೆಸರನ್ನು ಮೂರು ಸಲ ಕೂಗುತ್ತಾರೆ. ಮೂರನೆಯ ಸಲ ಕೊಂಚ ಎಳೆದು. ವರಾಂಡದಲ್ಲಿ ಕೂತವರೆಲ್ಲ ಒಮ್ಮೆ ತಲೆಯೆತ್ತುತ್ತಾರೆ. ತಮ್ಮದಲ್ಲ ಅಂತ ಗೊತ್ತಾದ ಮೇಲೆ ಮತ್ತೆ ಮೊಬೈಲಿಗೋ ಎಲೆ ಅಡಿಕೆಗೋ ವಾಪಸ್. ಅವತ್ತು ಅವರು ಕೂಗಿದ ಹೆಸರಿನ ಹುಡುಗ ವರಾಂಡದಲ್ಲಿ ಇರಲಿಲ್ಲ. ಇರೋಕೆ ಸಾಧ್ಯವೂ ಇರಲಿಲ್ಲ. ಅವನು ಜಿಲ್ಲಾ ಕೇಂದ್ರದ ಜೈಲಿನಲ್ಲಿದ್ದ. ಕೋರ್ಟ್ ಹಾಲಿನ ಗೋಡೆಗೆ ಹಾಕಿದ ಟಿವಿಯಲ್ಲಿ ಆಗಲೇ ಬಂದು ಕೂತಿದ್ದ. ಆದರೂ ಅಟೆಂಡರ್ ಹೊರಗೆ ಬಂದು ಮೂರು ಸಲ ಕೂಗಿದರು.

ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: 'ಟಿವಿಯಲ್ಲಿ ಇರುವವರನ್ನೂ ಹೊರಗೆ ಕೂಗುತ್ತಾರೆ. ಯಾಕೆ?' ಇಂಥ ಪ್ರಶ್ನೆ ಸಿಕ್ಕಿದ ದಿನ ಪಿಎಚ್‌ಡಿ ಮಾಡುವವರಿಗೆ ಊಟ ಬೇಡ.

ಕೂಗು ಕೇಳಿ ಎದ್ದವರು ಒಬ್ಬ ಹೆಂಗಸು. ಐವತ್ತೈದು ದಾಟಿರಬಹುದು. ಕೈಯಲ್ಲಿ ವೈರ್ ಬ್ಯಾಗು. ಬಾಗಿಲವರೆಗೆ ಬಂದು ನಿಂತರು. ಆ ಟಿವಿ ನ್ಯಾಯಾಧೀಶರ ಕಡೆಗೆ ತಿರುಗಿದೆ. ಬಾಗಿಲಲ್ಲಿ ನಿಂತವರಿಗೆ ಕಾಣುವುದು ಅದರ ಪಕ್ಕೆ ಮತ್ತು ನೇತಾಡುವ ವೈರು ಅಷ್ಟೇ. ಒಳಗೆ ಏನೋ ಎರಡು ಮಾತಾಯಿತು. ಬೆಂಚ್ ಕ್ಲರ್ಕ್ ಮುಂದಿನ ಫೈಲ್ ಎತ್ತಿಕೊಂಡರು. ಮತ್ತೊಂದು ಹೆಸರು ಕೂಗಿಯೂ ಆಯಿತು.

ಕುತ್ತಿಗೆಯಲ್ಲಿ ಐಡಿ ಕಾರ್ಡು, ಕೈಯಲ್ಲಿ ಪೆನ್ನು ನೋಡಿ ನನ್ನನ್ನು ಕೋರ್ಟಿನವಳು ಅಂದುಕೊಂಡಿರಬೇಕು. ಹತ್ತಿರ ಬಂದರು.

"ಅವ್ವಾ, ನಮ್ ಹೈದ ಬಂದಿದ್ದನಾ?"

"ಬಂದಿದ್ರು ಅವ್ವ. ಟಿವಿಯಲ್ಲಿ."

"ಚೆನ್ನಾಗವ್ನಾ?"

ನನಗೆ ಗೊತ್ತಿರಲಿಲ್ಲ. ನಾನು ಅವನ ಮುಖ ನೋಡಿರಲಿಲ್ಲ, ಗಡಿಯಾರ ನೋಡುತ್ತಿದ್ದೆ. ಒಂದೊಂದು ಕೇಸಿಗೆ ಎಷ್ಟು ಸೆಕೆಂಡ್ ಅಂತ ಬರೆದುಕೊಳ್ಳುವುದು ಅವತ್ತಿನ ನನ್ನ ಕೆಲಸವಾಗಿತ್ತು.

ನನ್ನ ಸಂಶೋಧನೆ ವಿಡಿಯೋ ಮೂಲಕ ನಡೆಯುವ ಕ್ರಿಮಿನಲ್ ವಿಚಾರಣೆಗಳ ಬಗ್ಗೆ. ಮನೆಯವರಿಗೆ ಇದನ್ನು ವಿವರಿಸುವುದು ಕಷ್ಟ. ನಮ್ಮ ಚಿಕ್ಕಮ್ಮ ಮದುವೆ ಮನೆಯಲ್ಲಿ ಸಿಕ್ಕವರಿಗೆಲ್ಲ "ಇವಳು ಝೂಮ್ ಮೇಲೆ ಪಿಎಚ್‌ಡಿ ಮಾಡ್ತಿದ್ದಾಳೆ" ಅಂತ ಪರಿಚಯ ಮಾಡಿಸಿದರು. 2023ರ ಡಿಸೆಂಬರ್‌ನಲ್ಲಿ ಯಾರೋ ಕಿಡಿಗೇಡಿಗಳು ಕರ್ನಾಟಕ ಹೈಕೋರ್ಟಿನ ವಿಡಿಯೋ ಕಲಾಪದೊಳಗೆ ನುಗ್ಗಿ ಅಶ್ಲೀಲ ದೃಶ್ಯ ಹಾಕಿದರಲ್ಲ, ವಿಡಿಯೋ ಸೌಲಭ್ಯವನ್ನೇ ಸ್ವಲ್ಪ ದಿನ ನಿಲ್ಲಿಸಬೇಕಾಯಿತಲ್ಲ, ಆಮೇಲಂತೂ ಸಿಕ್ಕವರೆಲ್ಲ ನನ್ನನ್ನು ಅದೊಂದನ್ನೇ ಕೇಳುತ್ತಿದ್ದರು. ನನ್ನ ವಿಷಯ ಅಷ್ಟು ಮಜವಾಗಿಲ್ಲ.

ಶುರು ಮಾಡುವಾಗ ನಾನು ವಿಡಿಯೋ ಪರವಾಗಿಯೇ ಇದ್ದೆ. ಮೊದಲ ಪ್ರಸ್ತಾವನೆಯ ತುಂಬ ಸಮಯ ಉಳಿತಾಯ, ಖರ್ಚು ಉಳಿತಾಯ, ಬಾಕಿ ಕೇಸುಗಳ ಲೆಕ್ಕ. ಗೈಡ್ ಓದಿ, ಕನ್ನಡಕ ಹಣೆಗೆ ಏರಿಸಿಕೊಂಡು, "ಇದು ಸರ್ಕಾರಿ ಸುತ್ತೋಲೆ ಥರ ಇದೆಯಮ್ಮ. ಕೋರ್ಟಿಗೆ ಹೋಗಿ ಸುಮ್ನೆ ಕೂತುಕೋ" ಅಂದರು. ಹಾಗಾಗಿ ಹೋಗಿ ಕೂತೆ.

ಕೂರುವುದಕ್ಕೆ ಮೊದಲು ಓದಿದ್ದು ಬೇಕಾದಷ್ಟಿತ್ತು. ನಮ್ಮ ದೇಶದಲ್ಲಿ ಈ ಚರ್ಚೆಯ ಬೇರು ಕೊರೋನಾ ಅಲ್ಲ. 2003ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಪ್ರಫುಲ್ ದೇಸಾಯಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮುಂಬೈಯ ಒಬ್ಬ ಶಸ್ತ್ರವೈದ್ಯರ ಮೇಲೆ ನಿರ್ಲಕ್ಷ್ಯದ ಕೇಸು. ರೋಗಿಯನ್ನು ಮೊದಲು ನೋಡಿದ್ದ ನ್ಯೂಯಾರ್ಕ್‌ನ ಕ್ಯಾನ್ಸರ್ ತಜ್ಞರ ಸಾಕ್ಷ್ಯ ಬೇಕು. ಅವರು ಸಾಕ್ಷಿ ಹೇಳಲು ತಯಾರು, ಇಂಡಿಯಾಕ್ಕೆ ಬರಲು ತಯಾರಿಲ್ಲ. ಆಗಿದ್ದ ದಂಡ ಪ್ರಕ್ರಿಯಾ ಸಂಹಿತೆಯ 273ನೇ ಸೆಕ್ಷನ್ ಪ್ರಕಾರ ಸಾಕ್ಷ್ಯವನ್ನು ಆರೋಪಿಯ 'ಹಾಜರಿಯಲ್ಲಿ' ದಾಖಲಿಸಬೇಕಿತ್ತು. ಟಿವಿಯಲ್ಲಿ ಕಂಡರೆ ಅದು ಹಾಜರಿಯೇ? ಬಾಂಬೆ ಹೈಕೋರ್ಟ್ ಅಲ್ಲ ಅಂದಿತ್ತು. ಸುಪ್ರೀಂ ಕೋರ್ಟ್ ಹೌದು ಅಂದಿತು. ಹಾಜರಿ ಅಂದರೆ ದೇಹ ಎದುರಿಗಿರಲೇಬೇಕು ಅಂತಿಲ್ಲ, ಪರಸ್ಪರ ಕಾಣುತ್ತದೆ, ಕೇಳುತ್ತದೆ, ಸಾಕು. ಜನ ತುಂಬಿದ ಕೋರ್ಟಿನ ಕಟಕಟೆಯಲ್ಲಿ ನಿಂತ ಆರೋಪಿಗಿಂತ ಪರದೆಯ ಮುಂದಿರುವ ಆರೋಪಿಗೆ ಸಾಕ್ಷಿಯ ಮುಖ ಇನ್ನೂ ಚೆನ್ನಾಗಿ ಕಾಣಬಹುದು, ಬೇಕಾದರೆ ಮತ್ತೆ ಹಾಕಿಯೂ ನೋಡಬಹುದು ಅನ್ನುವ ಮಾತೂ ಆ ತೀರ್ಪಿನಲ್ಲಿದೆ.

ನಮ್ಮ ಕರ್ನಾಟಕ ಹೈಕೋರ್ಟಿನದ್ದೂ ಅದೇ ವರ್ಷದ ಒಂದು ತೀರ್ಪಿದೆ. ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಅನ್ನುವ ಅಮೆರಿಕದ ಸಿನಿಮಾ ಕಂಪನಿ ಕಕ್ಷಿಯಾಗಿದ್ದ ಸಿವಿಲ್ ದಾವೆ ಅದು. ವಿಡಿಯೋದಲ್ಲಿ ಸಾಕ್ಷಿ ಹೇಳುವವರ ಗುರುತಿಗೆ ಅಫಿಡವಿಟ್ ಬೇಕು, ಅಲ್ಲಿಯ ರಾತ್ರಿ ಇಲ್ಲಿಯ ಹಗಲು ಅಂತ ಸಬೂಬು ಹೇಳುವಂತಿಲ್ಲ, ಪರದೆಯ ಮೇಲೆ ಕಂಡ ಸಾಕ್ಷಿಯ ವರ್ತನೆಯನ್ನೂ ಬರೆದಿಡಬೇಕು ಅಂತೆಲ್ಲ ಷರತ್ತುಗಳನ್ನು ಹಾಕಿತ್ತು. ವಾಟ್ಸ್‌ಆ್ಯಪ್ ಹುಟ್ಟುವುದಕ್ಕೆ ಆರು ವರ್ಷ ಮೊದಲು! ಈಗ ಓದಿದರೆ ಎಷ್ಟು ಮುಂದಾಲೋಚನೆ ಅನ್ನಿಸುತ್ತದೆ.

ಆಮೇಲಿನದ್ದು ಬೇಗ ಹೇಳಿಬಿಡುತ್ತೇನೆ. 2008ರ ತಿದ್ದುಪಡಿ ಬಂದು, ಪೊಲೀಸ್ ಕಸ್ಟಡಿ ಮುಗಿದು ನ್ಯಾಯಾಂಗ ಬಂಧನದಲ್ಲಿ ಇರುವವರ ಅವಧಿ ವಿಸ್ತರಿಸಲು ವಿಡಿಯೋ ಸಾಕು ಅಂತಾಯಿತು. 2020ರ ಏಪ್ರಿಲ್ 6ರಂದು ಸುಪ್ರೀಂ ಕೋರ್ಟ್ ಲಾಕ್‌ಡೌನಿನ ನಡುವೆ ಎಲ್ಲ ಕೋರ್ಟುಗಳಿಗೂ ವಿಡಿಯೋ ದಾರಿ ತೆರೆಯಿತು. ಆದರೆ ಆಗಲೂ ಎರಡೂ ಕಡೆಯವರು ಒಪ್ಪದೆ ಸಾಕ್ಷ್ಯ ದಾಖಲಿಸುವಂತಿಲ್ಲ ಅಂತ ಹೇಳಿತ್ತು. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂತು. ಅದರ 530ನೇ ಸೆಕ್ಷನ್ ಪ್ರಕಾರ ಇಡೀ ವಿಚಾರಣೆಯನ್ನೇ ಎಲೆಕ್ಟ್ರಾನಿಕ್ ವಿಧಾನದಲ್ಲಿ ನಡೆಸಬಹುದು. ಇಪ್ಪತ್ತೊಂದು ವರ್ಷದಲ್ಲಿ ಅಪವಾದವಾಗಿದ್ದದ್ದು ಮಾಮೂಲಿಯಾಯಿತು.

ಇಷ್ಟೆಲ್ಲ ಓದುವಾಗ ನನಗೆ ಹೊಳೆಯದ ಒಂದು ಸಂಗತಿ ಕೋರ್ಟಿನಲ್ಲಿ ಕೂತ ಮೇಲೆ ಹೊಳೆಯಿತು. ಈ ತೀರ್ಪುಗಳು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಕೋರ್ಟಿಗೆ ಚೆನ್ನಾಗಿ ಕಾಣುತ್ತದಾ? ಆ ತುದಿಯಲ್ಲಿ ಕೂತವರಿಗೆ ಏನು ಕಾಣುತ್ತದೆ, ಹೊರಗೆ ನಿಂತವರಿಗೆ ಏನು ಕಾಣುತ್ತದೆ ಅನ್ನುವುದು ಅಷ್ಟಾಗಿ ಯಾರ ತಲೆನೋವೂ ಅಲ್ಲ.

ಸಾಕ್ಷಿ ವಿಚಾರಣೆಯ ಒಂದು ದಿನ ಹೇಳುತ್ತೇನೆ. ಹೊಡೆದಾಟದ ಕೇಸು. ಗಾಯದ ಪ್ರಮಾಣಪತ್ರ ಕೊಟ್ಟಿದ್ದ ಡಾಕ್ಟರು ಬೇರೆ ಜಿಲ್ಲೆಗೆ ವರ್ಗವಾಗಿದ್ದರು, ಅಲ್ಲಿಂದಲೇ ವಿಡಿಯೋದಲ್ಲಿ ಬಂದರು. ಇದು ನಿಜಕ್ಕೂ ದೊಡ್ಡ ಅನುಕೂಲ. ಮೊದಲು ಇಂಥವರು ಹತ್ತು ನಿಮಿಷದ ಸಾಕ್ಷಿಗೆ ಒಂದು ದಿನದ ಓಪಿಡಿ ಬಿಟ್ಟು ಬಸ್ಸು ಹತ್ತಬೇಕಿತ್ತು. ಬಂದ ಮೇಲೆ 'ಇವತ್ತು ಆಗಲ್ಲ, ಮುಂದಿನ ವಾಯಿದೆಗೆ ಬನ್ನಿ' ಅನ್ನಿಸಿಕೊಂಡು ವಾಪಸ್ ಹೋಗಬೇಕಿತ್ತು.

ಮುಖ್ಯ ವಿಚಾರಣೆ ಸಲೀಸಾಗಿ ಮುಗಿಯಿತು. ಪಾಟೀ ಸವಾಲಿಗೆ ಎದ್ದವರು ಹಿರಿಯ ವಕೀಲರು. ಅವರದ್ದೊಂದು ಶೈಲಿ. ಸಣ್ಣ ಸಣ್ಣ ಪ್ರಶ್ನೆ, ಎಲ್ಲಕ್ಕೂ 'ಹೌದು' ಅನ್ನಲೇಬೇಕಾದಂಥವು, ಒಂದರ ಹಿಂದೆ ಒಂದು. ಸಾಕ್ಷಿಗೆ ಉಸಿರಾಡಲು ಬಿಡದೆ ಐದಾರು ಹೌದು ಹೇಳಿಸಿ, ಏಳನೆಯದಕ್ಕೆ ತಿರುಗಿಸುವುದು. ಅವತ್ತು ಆ ತಾಳ ಕೂತುಕೊಳ್ಳಲೇ ಇಲ್ಲ. ಇವರು ಕೇಳಿದ್ದು ಅಲ್ಲಿಗೆ ಮುಟ್ಟುವುದು ಒಂದು ಕ್ಷಣ ತಡ. ಅವರು ಬಾಯಿ ತೆಗೆಯುವಾಗ ಇವರು ಮುಂದಿನದಕ್ಕೆ ಹೋಗಿರುತ್ತಿದ್ದರು. ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ನಿಂತು, "ಹೇಳಿ ಹೇಳಿ", "ಇಲ್ಲ ನೀವು ಕೇಳಿ". ಆಮೇಲೆ ನಿ.ಪಿ.6, ಅಂದರೆ ಪ್ರಾಸಿಕ್ಯೂಷನ್ ಕಡೆಯ ಆರನೆಯ ದಾಖಲೆ, ತೋರಿಸಬೇಕಿತ್ತು. ಬೆಂಚ್ ಕ್ಲರ್ಕ್ ಕಾಗದವನ್ನು ಕ್ಯಾಮೆರಾಕ್ಕೆ ಹಿಡಿದರು. "ಇನ್ನೂ ಸ್ವಲ್ಪ ಹತ್ತಿರ... ಜಾಸ್ತಿ ಆಯ್ತು... ಮಂಜು ಮಂಜಾಗಿದೆ ಸರ್." ಕೊನೆಗೆ ಸ್ಕ್ಯಾನ್ ಮಾಡಿ ಕಳಿಸಿದ್ದ ಪ್ರತಿಯನ್ನು ಅವರು ಮೊಬೈಲಿನಲ್ಲಿ ನೋಡಿ "ಸಹಿ ನನ್ನದೇ" ಅಂದರು.

ಅಷ್ಟರಲ್ಲಿ ಮುಖ್ಯ ಪ್ರಶ್ನೆ ಬಂತು. ಗಾಯ ಬಿದ್ದದ್ದರಿಂದಲೂ ಆಗಿರಬಹುದಲ್ವಾ ಡಾಕ್ಟ್ರೇ? ಡಾಕ್ಟರು ಸುಮ್ಮನಾದರು. ಮುಖ ಅಲ್ಲಾಡಲಿಲ್ಲ. ನಾನು ಎಣಿಸಿದೆ, ನಾಲ್ಕು ಸೆಕೆಂಡ್. ಆಮೇಲೆ ಉತ್ತರ ಬಂತು. ಅದು ಯೋಚಿಸಿದ ಮೌನವೋ, ನೆಟ್‌ವರ್ಕಿನ ಮೌನವೋ? ಹಾಲಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನ್ಯಾಯಾಧೀಶರು ಎಂದಿನ ಧಾಟಿಯಲ್ಲಿ ಹೇಳಿ ಟೈಪ್ ಮಾಡಿಸಿದರು: 'ಸದರಿ ಗಾಯಗಳು ಬಿದ್ದಾಗಲೂ ಆಗುವ ಸಾಧ್ಯತೆ ಇದೆ ಎಂದರೆ ಸರಿ.'

ಕನ್ನಡದಲ್ಲಿ ಸಾಕ್ಷ್ಯ ಓದಿದವರಿಗೆ ಈ 'ಎಂದರೆ ಸರಿ', 'ಎಂದರೆ ಸರಿಯಲ್ಲ' ಗೊತ್ತಿರುತ್ತದೆ. ವಕೀಲರ ಪ್ರಶ್ನೆಯೂ ಸಾಕ್ಷಿಯ ಉತ್ತರವೂ ಒಂದೇ ವಾಕ್ಯದಲ್ಲಿ ಬೆರೆತುಹೋಗುವ ವಿಚಿತ್ರ ವ್ಯಾಕರಣ ಅದು. ಅದರಲ್ಲಿ ತಡವರಿಕೆಗೆ ಜಾಗವಿಲ್ಲ. ಎದುರಿಗೆ ನಿಂತ ಸಾಕ್ಷಿಯ ತಡವರಿಕೆಯೂ ಕಾಗದಕ್ಕೆ ಬರುವುದಿಲ್ಲ ಅನ್ನಿ. ಆದರೆ ನ್ಯಾಯಾಧೀಶರ ಮನಸ್ಸಿಗಾದರೂ ಬರುತ್ತಿತ್ತು. ಈಗ ಮನಸ್ಸಿಗೂ ಅನುಮಾನ.

ಹೊರಗೆ ಬಂದ ಮೇಲೆ ಆ ವಕೀಲರು ಟೀ ಅಂಗಡಿಯಲ್ಲಿ ಸಿಕ್ಕಿದರು. "ಗಾಳ ಹಾಕಿ ಕೂತಿದ್ದೆ ಕಣಮ್ಮ. ಮೀನು ಕಚ್ಚಿದ ಹೊತ್ತಿಗೆ ದಾರ ಎಳೆಯೋಣ ಅಂದ್ರೆ ನೆಟ್‌ವರ್ಕ್ ಹೋಯ್ತು" ಅಂದರು. ಬೇಕಾದ ಉತ್ತರ ಸಿಕ್ಕಿತ್ತಲ್ಲ ಸರ್ ಅಂದೆ. "ಸಿಕ್ಕಿತು. ಆದರೆ ನಾನು ಹಿಡಿದದ್ದಲ್ಲ, ಅದಾಗೇ ಬುಟ್ಟಿಗೆ ಬಿದ್ದದ್ದು" ಅಂದರು. ವೃತ್ತಿ ಹೆಮ್ಮೆ ಅಂದರೆ ಇದು.

ಅಟೆಂಡರ್ ಅವರನ್ನು ಕೇಳಿದ್ದೂ ಇಂಥದ್ದೇ ಒಂದು ಟೀ ಹೊತ್ತಿನಲ್ಲಿ. ಟಿವಿಯಲ್ಲಿ ಇರೋರನ್ನ ಹೊರಗೆ ಯಾಕೆ ಕೂಗ್ತೀರಿ? ರೂಢಿ, ಏನು ಮಾಡೋದು ಅಂತ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ನನ್ನನ್ನು ನೋಡಿದ ರೀತಿಯಲ್ಲೇ ನಾನು ಎಷ್ಟು ದಡ್ಡಿ ಅಂತ ಗೊತ್ತಾಯಿತು. "ಮನೆಯವರು ಹೊರಗಿರ್ತಾರಲ್ಲ ಮೇಡಂ. ಅವರಿಗೆ ಗೊತ್ತಾಗಬೇಕಲ್ವಾ?"

ಮನೆಯವರು ಯಾಕೆ ಬರುತ್ತಾರೆ? ಆರೋಪಿಯೇ ಬರದ ಮೇಲೆ ಅವರಿಗೇನು ಕೆಲಸ? ಇದಕ್ಕೆ ಉತ್ತರ ವ್ಯಾನಿನ ಕಾಲದಲ್ಲಿದೆ. ಜೈಲಿನಿಂದ ವಿಚಾರಣಾಧೀನ ಕೈದಿಗಳನ್ನು ಪೊಲೀಸ್ ವ್ಯಾನಿನಲ್ಲಿ ತರುತ್ತಿದ್ದರು. ಜೊತೆಗೆ ಸಶಸ್ತ್ರ ಮೀಸಲು ಪಡೆಯ ಎಸ್ಕಾರ್ಟು. ವ್ಯಾನಿನಿಂದ ಇಳಿದು ಕೋರ್ಟ್ ಹಾಲಿನವರೆಗಿನ ದಾರಿ, ಮತ್ತೆ ವಾಪಸ್. ಅಷ್ಟರಲ್ಲಿ ತಾಯಿ ಮಗನ ಕೈ ಮುಟ್ಟುತ್ತಿದ್ದಳು. ಎಸ್ಕಾರ್ಟಿನವರು ಒಳ್ಳೆಯವರಾದರೆ ಒಂದು ಬಿಸ್ಕತ್ ಪೊಟ್ಟಣ, ಒಂದು ಬೀಡಿ ಕಟ್ಟು. ವಕೀಲರು ಕಿವಿಯಲ್ಲಿ ಎರಡು ಮಾತು. ಇದು ಯಾವ ಕಾನೂನಿನಲ್ಲೂ ಇಲ್ಲ. ಯಾವ ತೀರ್ಪಿನಲ್ಲೂ ಇದನ್ನು 'ಹಾಜರಿ' ಅಂತ ಕರೆದಿಲ್ಲ. ವರಾಂಡದಲ್ಲಿ ನಡೆಯುವುದು ಆರ್ಡರ್ ಶೀಟಿಗೆ ಬರುವುದಿಲ್ಲ.

ಹಾಗಂತ ವ್ಯಾನನ್ನು ನೆನೆದು ಕಣ್ಣೀರು ಹಾಕುವುದೂ ತಪ್ಪು. ಬಂದೋಬಸ್ತು, ಚುನಾವಣೆ, ಜಾತ್ರೆ ಏನಿದ್ದರೂ ಮೊದಲು ಕಡಿತವಾಗುತ್ತಿದ್ದದ್ದು ಎಸ್ಕಾರ್ಟು. 'ಆರೋಪಿಯನ್ನು ಹಾಜರುಪಡಿಸಿಲ್ಲ' ಅಂತ ಬರೆದು ವಾಯಿದೆ ಮುಂದಕ್ಕೆ. ಹೀಗೆ ತಿಂಗಳುಗಟ್ಟಲೆ ಸುಮ್ನೆ ಕೊಳೆತವರಿದ್ದಾರೆ. ಜೈಲಿನಿಂದ ಬಿಡುಗಡೆಯಾಗಿ ಈಗ ಆಟೋ ಓಡಿಸುವ ಒಬ್ಬರು ನನಗೆ ಹೇಳಿದ್ದು: "ಬ್ಯಾಸಗೇಲಿ ಆ ವ್ಯಾನಲ್ಲಿ ದಿನಾ ಪೂರ್ತಿ ಕೂತಿರೋದು ಯಾರಿಗೂ ಬ್ಯಾಡ ಮೇಡಂ. ಟಿವಿನೇ ವಾಸಿ." ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದರು: "ಆದ್ರೆ ವ್ಯಾನಲ್ಲಿ ಹೋದ್ರೆ ದಾರೀಲಿ ಊರು ಕಾಣ್ತಿತ್ತು."

ಹೆಂಗಸರ ಕಡೆಯಿಂದ ನೋಡಿದರೆ ಲೆಕ್ಕ ಇನ್ನೂ ಗೋಜಲು. ವೈವಾಹಿಕ ಕೇಸುಗಳಲ್ಲಿ ವಿಡಿಯೋ ಬೇಕೇ ಬೇಡವೇ ಅಂತ ಸುಪ್ರೀಂ ಕೋರ್ಟೇ 2017ರಲ್ಲಿ ಎರಡು ಸಲ ಯೋಚಿಸಿತು. ಮಾರ್ಚ್‌ನಲ್ಲಿ ಇಬ್ಬರ ಪೀಠ, ದೂರದ ಊರಿಗೆ ಅಲೆಯುವ ಬದಲು ವಿಡಿಯೋ ಬಳಸಿ ಅಂದಿತು. ಅಕ್ಟೋಬರ್‌ನಲ್ಲಿ ಮೂವರ ಪೀಠ ಎರಡು-ಒಂದರ ಬಹುಮತದಲ್ಲಿ ಅದನ್ನು ಬದಲಿಸಿತು. ರಾಜಿ ಮಾತುಕತೆ ಎದುರಾಬದುರಾ ನಡೆಯಲಿ, ಅದು ಮುರಿದ ಮೇಲೆ ಇಬ್ಬರೂ ಒಪ್ಪಿದರೆ ವಿಡಿಯೋ ಆಗಬಹುದು ಅಂದಿತು. ಭಿನ್ನಮತ ಬರೆದವರು ನ್ಯಾಯಮೂರ್ತಿ ಚಂದ್ರಚೂಡ್. ನನಗೆ ಆ ಭಿನ್ನಮತವೇ ಸರಿ ಅನ್ನಿಸುತ್ತದೆ. ಹೊಡೆಯುತ್ತಿದ್ದ ಗಂಡನ ಪಕ್ಕದ ಬೆಂಚಿನಲ್ಲಿ ಕೂತು ರಾಜಿ ಮಾಡಿಕೋ ಅನ್ನುವುದಕ್ಕಿಂತ ಒಂದು ಪರದೆ ಅಡ್ಡ ಇರುವುದು ಒಳ್ಳೆಯದೇ. ಪೋಕ್ಸೋ ಕಾಯ್ದೆಯ 36ನೇ ಸೆಕ್ಷನ್ ಕೂಡ ಸಾಕ್ಷಿ ಹೇಳುವಾಗ ಮಗುವಿಗೆ ಆರೋಪಿ ಎದುರಾಗಬಾರದು ಅನ್ನುತ್ತದೆ, ಅದಕ್ಕೆ ವಿಡಿಯೋ ಒಂದು ದಾರಿ. ಅಂದರೆ ದೂರ ಕೂರುವುದು ಒಬ್ಬರಿಗೆ ರಕ್ಷಣೆ, ಇನ್ನೊಬ್ಬರಿಗೆ ಶಿಕ್ಷೆ. ನನ್ನ ಮೊದಲ ಪ್ರಸ್ತಾವನೆಯಲ್ಲಿ 'ವಿಡಿಯೋ ಒಳ್ಳೆಯದೋ ಕೆಟ್ಟದ್ದೋ' ಅನ್ನುವ ಅಧ್ಯಾಯವಿತ್ತು. ಅದನ್ನು ತೆಗೆದುಹಾಕಿದೆ.

ಆದರೆ ಕಟಕಟೆಯಲ್ಲಿ ಇರಬೇಕಾದವರ ವಿಷಯಕ್ಕೆ ಬಂದರೆ ನನ್ನ ಅನುಮಾನ ಬಲವಾಗುತ್ತಲೇ ಹೋಯಿತು. ಅಮೆರಿಕದ ಷಿಕಾಗೊ ಇರುವ ಕುಕ್ ಕೌಂಟಿಯಲ್ಲಿ 1999ರಲ್ಲಿ ಬಹುಪಾಲು ಜಾಮೀನು ವಿಚಾರಣೆಗಳನ್ನು ಕ್ಲೋಸ್ಡ್ ಸರ್ಕ್ಯೂಟ್ ಟಿವಿಗೆ ಬದಲಿಸಿದರು. ಕೊಲೆ, ಲೈಂಗಿಕ ದೌರ್ಜನ್ಯದಂಥ ಕೇಸುಗಳನ್ನು ಮಾತ್ರ ಮೊದಲಿನಂತೆ ಎದುರಿಗೇ ಇಟ್ಟುಕೊಂಡರು. ಹಾಗಾಗಿ ಹೋಲಿಸಿ ನೋಡಲು ಸಾಧ್ಯವಾಯಿತು. ಷರಿ ಡೈಮಂಡ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಟಿವಿಗೆ ಹೋದ ಕೇಸುಗಳಲ್ಲಿ ಜಾಮೀನಿನ ಮೊತ್ತ ಸರಾಸರಿ ಶೇ. 51ರಷ್ಟು ಏರಿತ್ತು. ಎದುರಿಗೇ ನಡೆದವುಗಳಲ್ಲಿ ಅಂಥ ಏರಿಕೆ ಇಲ್ಲ. ದಾವೆ ಹೂಡಿದ ಮೇಲೆ 2008ರ ಕೊನೆಯಲ್ಲಿ ಆ ಪದ್ಧತಿಯನ್ನೇ ಅವರು ನಿಲ್ಲಿಸಿದರು. ಅಲ್ಲಿಯ ಜಾಮೀನು ಬೇರೆ, ನಮ್ಮದು ಬೇರೆ, ನೇರವಾಗಿ ತಂದು ಅಂಟಿಸಲು ಆಗುವುದಿಲ್ಲ. ಆದರೂ ಆ ಪ್ರಬಂಧ ಓದಿದ ರಾತ್ರಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಯಾವ ನ್ಯಾಯಾಧೀಶರೂ 'ಟಿವಿಯಲ್ಲಿದ್ದಾನೆ, ಜಾಸ್ತಿ ಹಾಕೋಣ' ಅಂತ ಯೋಚಿಸಿರಲಿಕ್ಕಿಲ್ಲ. ಯಾರೂ ಯೋಚಿಸದೆಯೇ ಹಾಗಾಗಿತ್ತು.

ಇನ್ನೊಂದು ವಿಷಯ. 2020ರಲ್ಲಿ ಹೈಕೋರ್ಟುಗಳು ಮಾಡಿಕೊಂಡ ವಿಡಿಯೋ ನಿಯಮಗಳಲ್ಲಿ ಎರಡು ತುದಿಗಳಿವೆ. ಇತ್ತ ಕೋರ್ಟ್ ಪಾಯಿಂಟ್, ಅತ್ತ ರಿಮೋಟ್ ಪಾಯಿಂಟ್. ಎರಡೂ ಕಡೆ ಒಬ್ಬೊಬ್ಬ ಸಂಯೋಜಕ. ಸಾಕ್ಷಿ ವಿದೇಶದಲ್ಲಿದ್ದರೆ ರಾಯಭಾರ ಕಚೇರಿಯ ಅಧಿಕಾರಿ. ಆರೋಪಿ ಜೈಲಿನಲ್ಲಿದ್ದರೆ? ಜೈಲಿನ ಅಧಿಕಾರಿಯೇ. ನಿಯಮ ಬರೆದವರಿಗೆ ಬೇರೆ ದಾರಿಯೂ ಇರಲಿಲ್ಲ, ಅಲ್ಲಿ ಇನ್ನಾರು ಇರುತ್ತಾರೆ? ಆದರೆ ಕೈದಿಯನ್ನು ಕೋರ್ಟಿಗೆ ತರುವ ಹಳೆಯ ಪದ್ಧತಿಯ ಉದ್ದೇಶವೇ ಬೇರೆಯಿತ್ತು. ಹೇಬಿಯಸ್ ಕಾರ್ಪಸ್ ಅನ್ನುವ ಲ್ಯಾಟಿನ್ ಮಾತಿನಲ್ಲಿ ಇರುವುದು ದೇಹ. ದೇಹವನ್ನು ತಂದು ನನ್ನ ಮುಂದೆ ನಿಲ್ಲಿಸು, ಬಾಸುಂಡೆ ಇದೆಯಾ ನೋಡುತ್ತೇನೆ, ಊಟ ಕೊಡ್ತಾರಾ ಕೇಳುತ್ತೇನೆ ಅಂತ. "ಏನಾದ್ರೂ ತೊಂದರೆ ಇದೆಯೇನಪ್ಪಾ?" ಅಂತ ಟಿವಿಯಲ್ಲಿ ಕೇಳಿದಾಗ ಉತ್ತರಿಸುವವನ ಪಕ್ಕದಲ್ಲಿ ಜೈಲಿನವರೇ ನಿಂತಿರುತ್ತಾರೆ. ಫ್ರೇಮಿನ ಆಚೆ. "ಏನಿಲ್ಲ ಸಾರ್." ನಾನು ಕೂತ ದಿನಗಳಲ್ಲಿ ಬೇರೆ ಉತ್ತರ ಕೇಳಲಿಲ್ಲ. ತೊಂದರೆ ನಿಜಕ್ಕೂ ಇಲ್ಲದೆಯೂ ಇರಬಹುದು. ತೊಂದರೆ ಇದ್ದಿದ್ದರೆ ಬೇರೆ ಏನು ಕೇಳಿಸುತ್ತಿತ್ತು ಅನ್ನುವುದು ನನ್ನ ಪ್ರಶ್ನೆ.

ಆ ತುದಿಗೆ ಹೋಗಿ ಕೂರಬೇಕು ಅಂತ ಹಠ ಹಿಡಿದೆ. ಅನುಮತಿಗೆ ತಿಂಗಳುಗಟ್ಟಲೆ ಕಾದೆ. ಅಷ್ಟರಲ್ಲಿ ವೈರ್ ಬ್ಯಾಗಿನ ಅವ್ವ ನನಗೆ ಪರಿಚಯವಾಗಿಬಿಟ್ಟಿದ್ದರು. ಪ್ರತಿ ವಾಯಿದೆಗೂ ಬರುತ್ತಿದ್ದರು. ಜೈಲಿಗೇ ಹೋಗಿ ನೋಡಬಹುದಲ್ಲ ಅವ್ವ ಅಂದರೆ, ಎರಡು ಬಸ್ಸು, ಒಂದು ದಿನದ ಕೂಲಿ. ಹಿಂದಿನ ಸಲ ಹೋದಾಗ ಹೊತ್ತು ಮೀರಿತ್ತು, ಗೇಟಿನಿಂದಲೇ ವಾಪಸ್. ಕೋರ್ಟಿಗಾದರೆ ಒಂದೇ ಬಸ್ಸು. ನಾನು ಮುಂದಿನ ವಾರ ಜೈಲಿಗೆ ಹೋಗುತ್ತೇನೆ ಅಂತ ಬಾಯಿ ತಪ್ಪಿ ಹೇಳಿದೆ. ಹೇಳಬಾರದಿತ್ತು.

"ಅಂಗಾರೆ ಒಂದ್ಮಾತು ಹೇಳ್ಬುಡವ್ವ ಅವುಂಗೆ. ಹಸ ಈದದೆ. ಹೆಣ್ಗರ ಅಂತ."

ಆಗಲಿ ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ನಕ್ಕೆ.

ಜೈಲಿನ ವಿಡಿಯೋ ಕೋಣೆ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಗೋಡೆಗೆ ನೀಲಿ ಬಟ್ಟೆ. ಒಂದು ಪ್ಲಾಸ್ಟಿಕ್ ಕುರ್ಚಿ, ಮುಂದೆ ಪರದೆ, ಅದರ ತಲೆಯ ಮೇಲೆ ಕ್ಯಾಮೆರಾ. ಹೊರಗೆ ಗೋಡೆಗೆ ಒರಗಿ ಸಾಲಾಗಿ ಕೂತ ಗಂಡಸರು. ಎಲ್ಲರೂ ತಲೆ ಬಾಚಿದ್ದಾರೆ. ಕೆಲವರು ಅಂಗಿಯ ಮೇಲಿನ ಗುಂಡಿಯವರೆಗೂ ಹಾಕಿದ್ದಾರೆ. ಪಟ್ಟಿ ಹಿಡಿದ ಸಿಬ್ಬಂದಿ ಒಬ್ಬೊಬ್ಬರನ್ನೇ ಕರೆಯುತ್ತಾರೆ.

ನಾನು ಕುರ್ಚಿಯ ಹಿಂದೆ, ಮೂಲೆಯಲ್ಲಿ. ಅಲ್ಲಿಂದ ಮೊದಲ ಸಲ ಅವರು ನೋಡುವುದನ್ನು ನಾನೂ ನೋಡಿದೆ. ಪರದೆಯಲ್ಲಿ ಕೋರ್ಟು ಕಾಣುತ್ತದೆ, ಆದರೆ ಮೇಲಿನಿಂದ. ಆ ಕಡೆಯ ಕ್ಯಾಮೆರಾ ಎತ್ತರದಲ್ಲಿದೆ. ಹಾಗಾಗಿ ನ್ಯಾಯಾಧೀಶರ ತಲೆ, ಬಗ್ಗಿದ ಹಣೆ, ಫೈಲು. ಮೇಜಿನ ಮೇಲೆ ಹಾದುಹೋಗುವ ಫ್ಯಾನಿನ ನೆರಳು. ವಕೀಲರು ನಿಲ್ಲುವ ಜಾಗ ಚೌಕಟ್ಟಿನಿಂದ ಅರ್ಧ ಹೊರಗೆ, ಕಪ್ಪು ಕೋಟಿನ ಒಂದು ತೋಳು ಮಾತ್ರ. ಆ ತೋಳು ತನ್ನ ವಕೀಲರದ್ದೋ ಎದುರು ಪಕ್ಷದವರದ್ದೋ ಗೊತ್ತಾಗುವುದು ಕಷ್ಟ. ಸದ್ದು ಬಾವಿಯೊಳಗಿಂದ ಬಂದ ಹಾಗೆ. ಇನ್ನೊಂದು ಕೇಸಿನ ಯಾರೋ ಕೆಮ್ಮಿದ್ದು ಸ್ಪಷ್ಟವಾಗಿ ಕೇಳಿತು, ನ್ಯಾಯಾಧೀಶರು ಹೇಳಿದ ತಾರೀಕು ಕೇಳಲಿಲ್ಲ.

ಸಾಲಿನಲ್ಲಿ ಆರನೆಯದೋ ಏಳನೆಯದೋ ಹೆಸರು ಕರೆದಾಗ ನನ್ನ ಪೆನ್ನು ನಿಂತಿತು. ಅವ್ವನ ಹೈದ. ಟಿವಿಯಲ್ಲಿ ಎಷ್ಟೋ ಸಲ ಬಂದುಹೋಗಿದ್ದರೂ ನಾನು ಅವನನ್ನು ನೋಡಿದ್ದು ಅವತ್ತೇ ಅನ್ನಬೇಕು. ತೆಳ್ಳಗೆ, ಇಪ್ಪತ್ತೆರಡರ ಆಸುಪಾಸು. ಒಳಗೆ ಬರುವ ಮುಂಚೆ ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಜೋಡಿಸಿ, ಗೋಡೆಗೆ ಸರಿಸಿ. ಕ್ಯಾಮೆರಾಕ್ಕೆ ಅವನ ಎದೆಯಿಂದ ಮೇಲೆ ಮಾತ್ರ ಕಾಣುತ್ತದೆ. ಕೂತ. ಕೈ ಮುಗಿದ. ಆ ಕಡೆ ಯಾರೂ ನೋಡಲಿಲ್ಲ, ಫೈಲ್ ಹುಡುಕುತ್ತಿದ್ದರು. ಅವನು ಮುಗಿದ ಕೈ ಹಾಗೇ ಇಟ್ಟುಕೊಂಡಿದ್ದ. ಏನೋ ಹೇಳಿದರು. ಪರದೆಯಲ್ಲಿ ತಲೆ ಆಚೆ ತಿರುಗಿತು.

"ಏನಂದ್ರು ಸಾರ್?" ಅಂತ ಸಿಬ್ಬಂದಿಯನ್ನು ಕೇಳಿದ. ಅವರು ಆಗಲೇ ಮುಂದಿನ ಹೆಸರು ಕರ‍್ಕೊಂಡು ಬಾಗಿಲಿಗೆ ಹೋಗಿದ್ದರು. ಅವನು ನನ್ನ ಕಡೆ ನೋಡಿದ.

"ಹದಿನೆಂಟನೇ ತಾರೀಕು" ಅಂದೆ.

ತಲೆ ಆಡಿಸಿದ. ನನ್ನ ತೊಡೆಯ ಮೇಲೆ ಸಂಶೋಧನಾ ನೀತಿಯ ಫಾರಂ ಇತ್ತು. ಸಂಶೋಧಕಿ ಬಂದಿಗಳಿಗೂ ಹೊರಗಿನವರಿಗೂ ನಡುವೆ ಯಾವ ಸಂದೇಶವನ್ನೂ ಸಾಗಿಸತಕ್ಕದ್ದಲ್ಲ. ಅದು ಬೇರೆಯವರು ಹಾಕಿದ ಷರತ್ತಲ್ಲ. ಸಮಿತಿಗೆ ಒಳ್ಳೆಯದಾಗಿ ಕಾಣಲಿ ಅಂತ ನಾನೇ ಬರೆದ ವಾಕ್ಯ. ನಿಯಮ ಸರಿಯಾದದ್ದೇ. ಇವತ್ತು ಕರು, ನಾಳೆ ಇನ್ನೇನೋ. ಎಲ್ಲಿ ನಿಲ್ಲಿಸುವುದು? ಇದನ್ನೆಲ್ಲ ಯೋಚಿಸುವಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿಕೊಂಡು ಹೋಗಿಯಾಗಿತ್ತು.

ಚಪ್ಪಲಿಯ ವಿಷಯ ಅಧ್ಯಾಯದಲ್ಲಿ ಬರೆದಿದ್ದೇನೆ. ಗೈಡ್ ಅದರ ಪಕ್ಕ ಪೆನ್ಸಿಲಿನಲ್ಲಿ 'ಇದು ದತ್ತಾಂಶವೇ?' ಅಂತ ಬರೆದು ಕಳಿಸಿದ್ದಾರೆ. ಇನ್ನೂ ಉತ್ತರ ಕೊಟ್ಟಿಲ್ಲ. ಕರುವಿನ ವಿಷಯ ಅಧ್ಯಾಯದಲ್ಲಿ ಇಲ್ಲ. ಇಲ್ಲಿ ಬರೆಯುವಾಗಲೂ ಯಾರ ಗುರುತೂ ಸಿಗದ ಹಾಗೆ ಅಷ್ಟಿಷ್ಟು ಬದಲಿಸಿದ್ದೇನೆ.

ಹದಿನೆಂಟರಂದು ತಾಲ್ಲೂಕು ಕೋರ್ಟಿಗೆ ಹೋದೆ. ಅವ್ವ ಅದೇ ಜಾಗದಲ್ಲಿ, ಕಂಬಕ್ಕೆ ಒರಗಿ ಕೂತಿದ್ದರು. ಈ ಸಲ ಅವರು ಕೇಳುವ ಮೊದಲೇ ಹೇಳಿದೆ. ನೋಡಿದೆ ಅವ್ವ. ಸ್ವಲ್ಪ ಇಳಿದುಹೋಗಿದ್ದಾರೆ. ಕೂದಲು ಸಣ್ಣಗೆ ಹೊಡೆಸಿದ್ದಾರೆ. ಬಿಳಿ ಅಂಗಿ ಹಾಕಿದ್ರು.

"ಗೀಟಿಂದಾ?"

"ಹ್ಞೂಂ, ನೀಲಿ ಗೀಟು."

"ನಾನೇ ತಕ್ಕೊಟ್ಟಿದ್ದು." ಸೆರಗಿನಿಂದ ಮುಖ ಒರೆಸಿಕೊಂಡರು. "ಕರ ವಿಸ್ಯ ಹೇಳ್ದೇನವ್ವಾ?"

"ಇಲ್ಲ ಅವ್ವ. ಹೇಳೋಕೆ ಆಗಲಿಲ್ಲ."

"ಓಗ್ಲಿ ಬುಡು," ಅಂದರು. "ಆಗ್ಲೇ ಹುಲ್ಲು ಕಚ್ತದೆ ಕರ."

ಅಟೆಂಡರ್ ಬಾಗಿಲಿಗೆ ಬಂದರು. ಅವ್ವ ಮೊದಲ ಕೂಗಿಗೇ ಎದ್ದರು.